ಅಡ್ಮಿನ್, 12345 (ಭಾಗ 3)

ಇನ್‌ಸ್ಟಾ ಪಾಸ್‌ವರ್ಡ್ ಫ್ರೆಂಡ್‌ಗೂ ಹೇಳಲ್ಲ ನೀವು. ಸರಿ. ನಿಮ್ಮೂರ ಅಕ್ಕಿ ಗಿರಣಿ ಸಿಸಿಟಿವಿದು ಬದಲಾಯಿಸಿದ್ದಾರಾ? ತೋಟದಲ್ಲಿ ಆ್ಯಪ್‌ನಿಂದ ಆನ್ ಆಗೋ ಪಂಪ್ ಸ್ಟಾರ್ಟರ್‌ದು?

"ಚಂದ್ರಗುತ್ತಿ ಗಿರಣಿ ಯಾರಿಗೆ ಬೇಕು ಮಾರಾಯ" ಅಂತ ನಗಬೇಡಿ. ಯಾರೂ ವಿಳಾಸ ಹುಡುಕಿ ಬರಲ್ಲ, ಪ್ರೋಗ್ರಾಮೇ ಇಡೀ ಇಂಟರ್‌ನೆಟ್ ತಡಕುತ್ತೆ. 2016ರಲ್ಲಿ ಮಿರಾಯ್ ಮಾಡಿದ್ದು ಅದನ್ನೇ. ಕಂಪನಿ ಕೊಟ್ಟ ಪಾಸ್‌ವರ್ಡ್ ಹಾಗೇ ಇದ್ದ ಕ್ಯಾಮೆರಾ, ಡಿವಿಆರ್‌ಗಳನ್ನು ಹಿಡಿದು ಅವುಗಳಿಂದಲೇ ದಾಳಿ. ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್ ಗಂಟೆಗಟ್ಟಲೆ ಕೈಕೊಟ್ಟವು.

ನಮ್ಮಲ್ಲಿ 2025ರ ಏಪ್ರಿಲ್ 9ರಿಂದ ಹೊಸ ಸಿಸಿಟಿವಿಗೆ ಭದ್ರತಾ ಪರೀಕ್ಷೆ ಕಡ್ಡಾಯ. ಒಳ್ಳೇದು. ಆದರೆ ಆ ನಿಯಮ ಕ್ಯಾಮೆರಾಗೆ ಮಾತ್ರ. ಮೋಟರ್ ಓಡಿಸೋ ಡಬ್ಬಿಗೆ ಯಾಕಿಲ್ಲ? ಕ್ಯಾಮೆರಾ ಬರೀ ನೋಡುತ್ತೆ. ಈ ಡಬ್ಬಿ ಮಷಿನ್ ಆನ್ ಮಾಡುತ್ತೆ, ಬೆಲ್ಟ್ ಹತ್ತಿರ ಯಾರದೋ ಕೈ ಇರುತ್ತೆ.

"ಮಾಲೀಕರೇ ಹುಷಾರಾಗಿರಬೇಕು" ಅನ್ನೋದು ಜಾರಿಕೊಳ್ಳೋ ಮಾತು. ಇಂಗ್ಲಿಷ್ ಮ್ಯಾನುಯಲ್ ಕೈಗಿಟ್ಟು (ಅದೂ ಇರುವೆ ಸೈಜಿನ ಅಕ್ಷರ!) ಹೊಣೆಯನ್ನ ಗಿರಣಿಯವರ ತಲೆಗೆ ಕಟ್ಟೋದು ಯಾವ ನ್ಯಾಯ? ಎಲ್ಲ ಡಬ್ಬಿಗೂ ಒಂದೇ ಪಾಸ್‌ವರ್ಡ್ ಇಟ್ಟು ಮಾರೋದು ನಿಲ್ಲಲಿ. ಬ್ರಿಟನ್ ಮನೆಬಳಕೆ ಡಿವೈಸ್‌ಗಳಿಗೆ 2024ರಲ್ಲೇ ಇದನ್ನ ನಿಷೇಧಿಸಿದೆ. ಎಷ್ಟು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಬಿಲ್ ಮೇಲೇ ಬರೀಲಿ. ಬಿಕಾಂನವರೇ, ಇಂಟರ್ನ್‌ಶಿಪ್‌ನಲ್ಲಿ ಸ್ಟಾಕ್ ಎಣಿಸುವಾಗ ಆ ಬಿಲ್ಲನ್ನೂ ಕೇಳಿ.