ಕಾಕತಾಲೀಯವಲ್ಲ, ಕುಲಸಂಬಂಧ

ಕಾಗೆಯು ತಾಳೆಯ ಮರದ ಮೇಲೆ ಕೂಡುವದಕ್ಕೂ ಹಣ್ಣು ಕಳಚಿ ಬೀಳುವದಕ್ಕೂ ಸರಿಹೋದರೆ ಶಾಸ್ತ್ರಜ್ಞರು ಅದನ್ನು ಕಾಕತಾಲೀಯವೆನ್ನುವರು. ಕಾಗೆಯೇ ಹಣ್ಣನ್ನು ಕೆಡವಿತೆಂದು ವಾದಿಸುವವನು ಅವಿವೇಕಿಯೆಂಬುದು ನಿಜವು. ಆದರೆ ಕಣ್ಣೆದುರಿಗೆ ಒಬ್ಬನು ಕಲ್ಲೆಸೆದು ಕೆಡವಿದ ಹಣ್ಣನ್ನೂ ಕಾಕತಾಲೀಯವೆಂದು ಕರೆಯುವವನು ಅವನಿಗಿಂತ ದೊಡ್ಡ ಅವಿವೇಕಿಯು. ಕನ್ನಡದ ಸಂಗೀತ ನಾಟಕ, ಚಲಚ್ಚಿತ್ರಗಳ ವಿಷಯದಲ್ಲಿ ಇಂದಿನ ವಿದ್ಯಾವಂತರು ಬಹುತೇಕ ಈ ಎರಡನೆಯ ಪಂಕ್ತಿಯಲ್ಲಿಯೇ ಕುಳಿತಿದ್ದಾರೆ.

ಗದಗ ತಾಲೂಕಿನ ಕೋಟುಮಚಗಿಯಲ್ಲಿ ಓದುಬರಹ ಬಲ್ಲ ಒಂದು ಮನೆತನದವರು ಹಬ್ಬದ ಒಂದು ದಿನವನ್ನು ಕಳೆದ ಬಗೆಯು ಇದಕ್ಕೆ ದೃಷ್ಟಾಂತವಾಗಬಲ್ಲದು. ಮುಂಜಾನೆ ಮನೆಯ ದೂರದರ್ಶನದಲ್ಲಿ 1965ರ 'ಸತ್ಯ ಹರಿಶ್ಚಂದ್ರ' ಚಿತ್ರ. ಊಟವಾದ ಮೇಲೆ 1983ರ 'ಕವಿರತ್ನ ಕಾಳಿದಾಸ'. ರಾತ್ರಿ ಊರ ತರುಣರು ಕಟ್ಟಿದ ರಂಗದ ಮೇಲೆ 'ಶಾಕುಂತಲ' ಸಂಗೀತ ನಾಟಕ. ಈ ಮೂರನ್ನು ಯಾರೂ ಆರಿಸಿ ಜೋಡಿಸಿದ್ದಿಲ್ಲ. ಪೇಟಿಯ ಮಾಸ್ತರನು ಶ್ರುತಿ ಹಿಡಿದು ನಾಂದಿಯು ಆರಂಭವಾಗುವಷ್ಟರಲ್ಲಿ ರಾತ್ರಿ ಹತ್ತೂವರೆಯಾಗಿತ್ತು. ಮುದ್ರಿಕೆಯು ಮೀನಿನ ಹೊಟ್ಟೆಯಿಂದ ಹೊರಬರುವಷ್ಟರಲ್ಲಿ ಮೂಡಲು ಕೆಂಪೇರಿತ್ತು. ಮನೆಗೆ ಮರಳುವಾಗ ಸೊಸೆಯು, "ಮಾವನೋರ, ಮೂರರಾಗೂ ಹೆಂಡತಿ ಎದುರಿಗೆ ನಿಂತರ ಗಂಡಗ ಗುರುತ ಹತ್ತೂದಿಲ್ಲಲ್ರೀ!" ಎಂದಳು. ಕಾಲೇಜಿನಲ್ಲಿ ಓದಿದ ಮಾವನು ನಕ್ಕು, "ಅದೆಲ್ಲಾ ಕಾಕತಾಲೀಯ ಬಿಡವಾ" ಎಂದು ಮಾತು ಮುಗಿಸಿದನು.

ಸೊಸೆಯು ಕಂಡದ್ದು ಸತ್ಯವು. ಮಾವನು ಕೊಟ್ಟ ತೀರ್ಪು ಅಸತ್ಯವು. ಸುಡುಗಾಡು ಕಾಯುವ ಹರಿಶ್ಚಂದ್ರನಿಗೆ ಮಗನ ಹೆಣವನ್ನು ಹೊತ್ತು ಬಂದ ಚಂದ್ರಮತಿಯ ಗುರುತು ಹತ್ತುವದಿಲ್ಲ; ಕೊರಳಿನ ಮಾಂಗಲ್ಯವು ಸಾಕ್ಷಿ ನುಡಿಯಬೇಕಾಗುವದು. ಕಾಳಿಯ ವರದಿಂದ ಪಂಡಿತನಾದ ಕಾಳಿದಾಸನು ವಿದ್ಯೆ ಬಂದ ಕ್ಷಣದಲ್ಲಿಯೇ ಹಿಂದಿನದೆಲ್ಲವನ್ನೂ, ಕೈಹಿಡಿದವಳನ್ನೂ ಮರೆತುಬಿಡುವನು. ದುಷ್ಯಂತನ ಮರೆವಿಗೆ ಋಷಿಶಾಪವು ಕಾರಣ, ಉಂಗುರವು ಪರಿಹಾರ. ಮೂರು ಕಥೆಗಳ ಜೀವವೂ 'ಅಭಿಜ್ಞಾನ'ದಲ್ಲಿದೆ, ಎಂದರೆ ಗುರುತಿನಲ್ಲಿದೆ. ಇದು ಒಂದೇ ದಿನ ಒಂದೇ ಮನೆಯವರ ಕಣ್ಣಿಗೆ ಬಿದ್ದುದಷ್ಟೇ ಆಕಸ್ಮಿಕವು. ಮೂರರಲ್ಲಿಯೂ ಇದ್ದುದು ಆಕಸ್ಮಿಕವಲ್ಲ. ಅವು ಒಂದೇ ತಾಯಿಯ ಮಕ್ಕಳು. ಆ ತಾಯಿಯೇ ಸಂಗೀತ ನಾಟಕವು.

ವಂಶಾವಳಿಯನ್ನು ಬಿಡಿಸಿ ನೋಡಬಹುದು. ಕರ್ನಾಟಕದಿಂದ ಸಾಂಗಲಿಗೆ ಹೋದ ಭಾಗವತರ ಮೇಳದ ಆಟವನ್ನು ನೋಡಿದ ತರುವಾಯ ವಿಷ್ಣುದಾಸ ಭಾವೆಯವರು 1843ರಲ್ಲಿ 'ಸೀತಾ ಸ್ವಯಂವರ'ವನ್ನು ಆಡಿಸಿದರು. ಮರಾಠಿ ರಂಗಭೂಮಿಯು ಅಲ್ಲಿಂದ ಮೊದಲಾಯಿತು. ಅದೇ ಮರಾಠಿ ನಾಟಕವು ಮುಂದೆ ಉತ್ತರ ಕರ್ನಾಟಕವನ್ನು ತುಂಬಿಕೊಂಡಾಗ, ಕನ್ನಡದ ಮಾನ ಕಾಯಲು ಗದುಗಿನಲ್ಲಿಯೇ ಸಕ್ಕರಿ ಬಾಳಾಚಾರ್ಯರು ಎದ್ದರು. 'ಶಾಂತಕವಿ'ಗಳೆಂದು ಪ್ರಸಿದ್ಧರಾದ ಇವರು 1870ರ ದಶಕದಲ್ಲಿ ಕೃತಪುರ ನಾಟಕ ಮಂಡಳಿಯನ್ನು ಕಟ್ಟಿ 'ಉಷಾಹರಣ'ವನ್ನು ರಂಗಕ್ಕೆ ತಂದರು. 1870ರ ಸುಮಾರಿಗೆ ಚುರಮುರಿ ಶೇಷಗಿರಿರಾಯರು ಶಾಕುಂತಲವನ್ನು ಕನ್ನಡಿಸಿದ್ದರು. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ಆಡಿಸಿದರು. ಹೀಗೆ ಕಾಳಿದಾಸನ ಉಂಗುರವು ಹಾಡಿನ ಬೆನ್ನೇರಿ ಎರಡು ಭಾಷೆಗಳ ಊರೂರುಗಳನ್ನು ಸುತ್ತಿತು.

ಚಲಚ್ಚಿತ್ರವು ಬೇರೆ ಎಲ್ಲಿಂದಲೋ ಹುಟ್ಟಿಬಂದ ಕೂಸಲ್ಲ. ಕನ್ನಡದ ಮೊದಲನೆಯ ವಾಕ್ಚಿತ್ರವಾದ 'ಸತಿ ಸುಲೋಚನಾ' 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆಕಂಡಿತು. ಇಂದ್ರಜಿತುವಾದ ಸುಬ್ಬಯ್ಯನಾಯ್ಡು, ರಾವಣನಾದ ನಾಗೇಂದ್ರರಾಯರು ಇಬ್ಬರೂ ಕಂಪನಿಯ ರಂಗದಲ್ಲಿ ಪಳಗಿದವರು. ಮಾತು ಹಾಡುಗಳನ್ನು ಕೊಟ್ಟ ಬೆಳ್ಳಾವೆ ನರಹರಿಶಾಸ್ತ್ರಿಗಳು ನಾಟಕಕಾರರು. 1965ರ ಹರಿಶ್ಚಂದ್ರನೂ 1983ರ ಕಾಳಿದಾಸನೂ ಒಬ್ಬನೇ ನಟನು; ಆ ರಾಜಕುಮಾರರು ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದು 1954ರ 'ಬೇಡರ ಕಣ್ಣಪ್ಪ'ದಿಂದ ತೆರೆಗೆ ಬಂದವರು. ಕಾಳಿದಾಸನ ಚಿತ್ರದೊಳಗೆ ಅವರೇ ದುಷ್ಯಂತನಾಗಿಯೂ ಕಾಣಿಸಿಕೊಳ್ಳುವರು. ಇಷ್ಟೆಲ್ಲ ಕಂಡ ಮೇಲೂ ನಾಟಕ ಬೇರೆ, ಚಿತ್ರ ಬೇರೆ, ಹೋಲಿಕೆಯು ಆಕಸ್ಮಿಕವೆನ್ನುವದು ಮೊಮ್ಮಗನ ಮೂಗು ಅಜ್ಜಿಯ ಮೂಗಿನಂತಿರುವದು ಕಾಕತಾಲೀಯವೆಂದಂತೆ.

ಇದಕ್ಕೆ ಪೂರ್ವಪಕ್ಷದವರ ಮುಖ್ಯ ಆಕ್ಷೇಪವೊಂದಿದೆ. "ಸಂಬಂಧವಿದ್ದರೆ ಇರಲಿ, ಕಂಪನಿಯ ನಾಟಕವು ಸಾಹಿತ್ಯವಲ್ಲ. ಸತ್ತು ಬಿದ್ದ ವೀರನು 'ಒನ್ಸ್ ಮೋರ್' ಕೂಗಿಗೆ ಎದ್ದು ಕುಳಿತು ಮತ್ತೊಮ್ಮೆ ಹಾಡಿ ಸಾಯುವನು. ಸಂದರ್ಭವಿಲ್ಲದೆ ವಿದೂಷಕನು ಅಶ್ಲೀಲವಾಡುವನು. ಇಂಥದನ್ನು ಸಂಘ ಪರಿಷತ್ತುಗಳು ಏಕೆ ಕಾಪಾಡಬೇಕು?" ಎಂದು ಅವರು ಕೇಳುವರು. ಈ ದೋಷಗಳಿದ್ದುದು ನಿಜವೇ. ಇಂದಿನ ಕೆಲವು ನಾಟಕಗಳಲ್ಲಿ ದ್ವ್ಯರ್ಥದ ಮಾತು ಮಿತಿಮೀರಿರುವದೂ ನಿಜವೇ. ಆದರೆ ಭರತಮುನಿಯು ನಾಟ್ಯವೇದಕ್ಕೆ ಪಾಠ್ಯವನ್ನು ಋಗ್ವೇದದಿಂದಲೂ, ಗೀತವನ್ನು ಸಾಮವೇದದಿಂದಲೂ, ಅಭಿನಯವನ್ನು ಯಜುರ್ವೇದದಿಂದಲೂ, ರಸವನ್ನು ಅಥರ್ವಣದಿಂದಲೂ ತೆಗೆದುಕೊಂಡಿತೆಂದು ಹೇಳಿರುವನು. ಅಚ್ಚಾದ ಪಾಠ್ಯವೊಂದನ್ನೇ ತೂಗಿ ನೋಡಿ ನಾಟಕವನ್ನು ಹಗುರೆನ್ನುವ ವಿಮರ್ಶಕನು ಒಂದು ವೇದವನ್ನು ಓದಿ ಮೂರನ್ನು ಹೊಳೆಗೆಸೆದವನು.

ಎಸೆದ ಆ ಗೀತದ ಬೆಲೆಯನ್ನು ಈ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಗದುಗಿನ ಪಂಚಾಕ್ಷರ ಗವಾಯಿಗಳು (1892–1944) ಅಂಧ ಬಾಲಕರಿಗೆ ಸಂಗೀತವನ್ನು ಕಲಿಸುತ್ತ ನಾಟಕದ ಕಂಪನಿಯನ್ನೂ ನಡೆಸಿದರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು (1914–2010) ನಾಟಕಗಳನ್ನು ರಚಿಸಿದರು. ಗರುಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿಯ ನೆಲೆಯೂ ಗದಗವೇ. ಧಾರವಾಡದ ಮಲ್ಲಿಕಾರ್ಜುನ ಮನಸೂರರು ಬಾಲ್ಯದಲ್ಲಿ ವಾಮನರಾವ ಮಾಸ್ತರರ ಕಂಪನಿಯಲ್ಲಿ ಹಾಡುತ್ತಿದ್ದಾಗಲೇ ನೀಲಕಂಠಬುವಾ ಅವರ ಕಿವಿಗೆ ಬಿದ್ದು ಶಿಷ್ಯರಾದರು. ಆ 'ಅಸಾಹಿತ್ಯ'ದ ರಂಗವು ಇಲ್ಲದಿದ್ದರೆ ಈ ಸೀಮೆಯ ಸಂಗೀತದ ಚರಿತ್ರೆಯನ್ನು ಬೇರೆಯಾಗಿ ಬರೆಯಬೇಕಾಗುತ್ತಿತ್ತು.

ಯುರೋಪಿನ ಆಪೆರಾ ಎಂಬುದೂ ಸಂಗೀತ ನಾಟಕವೇ; ಅಸಂಭಾವ್ಯ ಕಥೆ, ಸಾಯುತ್ತ ಹಾಡುವ ನಾಯಕ ನಾಯಿಕೆಯರು ಅಲ್ಲಿಯೂ ಉಂಟು. ಆದರೆ ಅಲ್ಲಿಯವರು ಅದನ್ನು ಕಾಪಾಡಿದರು. ಮೊಂತೆವೆರ್ದಿಯ 'ಓರ್ಫೆಯೊ' 1607ರಲ್ಲಿ ಮಾಂಟುವಾ ನಗರದಲ್ಲಿ ಆಡಲ್ಪಟ್ಟಿತು. 1609ರಲ್ಲಿ ಅದರ ಸ್ವರಲಿಪಿಯು ವೆನಿಸ್ಸಿನಲ್ಲಿ ಅಚ್ಚಾಯಿತು. ಆದುದರಿಂದ ನಾಲ್ಕು ನೂರು ವರ್ಷಗಳ ಮೇಲೆಯೂ ಅದನ್ನು ಹಾಡುತ್ತಾರೆ. ಶಾಕುಂತಲವನ್ನೇ ಇಟಲಿಯ ಅಲ್ಫಾನೋ ಎಂಬವನು ಆಪೆರಾ ಮಾಡಿ 1921ರಲ್ಲಿ ಬೊಲೋನ್ಯದಲ್ಲಿ ಆಡಿಸಿದನು. ಎರಡನೆಯ ಮಹಾಯುದ್ಧದ ಬಾಂಬಿಗೆ ಅದರ ಸ್ವರಲಿಪಿಯು ಸುಟ್ಟುಹೋಯಿತೆಂದು ನಂಬಿ ಅವನು ಅದನ್ನು ಪುನಃ ರಚಿಸಿದನು. 1952ರಲ್ಲಿ ಆ ಹೊಸ ರೂಪವು ರಂಗವೇರಿತು. 2005ರಲ್ಲಿ ಮೊದಲಿನ ಪ್ರತಿಯೇ ಪ್ರಕಾಶಕರ ಭಂಡಾರದಲ್ಲಿ ದೊರೆಯಿತು. ಕಳೆದ ಉಂಗುರವು ಅಲ್ಲಿ ಸಿಕ್ಕಿತು. ಏಕೆಂದರೆ ಅಲ್ಲಿ ಭಂಡಾರವಿತ್ತು, ಹುಡುಕುವವರೂ ಇದ್ದರು.

ಇಲ್ಲಿಯ ಸ್ಥಿತಿಯೇನು? 'ಸತಿ ಸುಲೋಚನಾ' ಚಿತ್ರದ ಒಂದು ಪ್ರತಿಯೂ ಇಂದು ಉಳಿದಿಲ್ಲ. ನಾಟಕಗಳ ಗತಿಯು ಇದಕ್ಕಿಂತ ಮೆತ್ತಗೆ ನಡೆಯುವ ಮರಣವು. ಹಳ್ಳಿಯ ಅಟ್ಟದ ಮೇಲೆ ಕೈಬರಹದ ವಹಿಯು ಉಳಿದಿದೆಯೆಂದೇ ಇಟ್ಟುಕೊಂಡರೂ, ಹಾಡಿನ ತಲೆಯ ಮೇಲೆ ಇಂಥ ಹಾಡಿನ ಮಟ್ಟು ಎಂದಷ್ಟೇ ಬರೆದಿರುವದು, ಸ್ವರವನ್ನು ಬರೆದಿರುವದಿಲ್ಲ. ಆ ಮೂಲದ ಹಾಡನ್ನು ಬಲ್ಲ ಪೇಟಿಯ ಮಾಸ್ತರನು ತೀರಿಕೊಂಡ ದಿನ ವಹಿಯು ಮೂಕವಾಗುವದು. ಗೆದ್ದಲಿಗೆ ಕಾಗದವು ಆಹಾರವಾಗುವದಕ್ಕೆ ಮೊದಲೇ ನಾಟಕವು ಸತ್ತಿರುವದು. ಚಿತ್ರಗಳೇ ಇವೆಯಲ್ಲ, ಸಾಲದೇ ಎನ್ನುವವರು ಇದನ್ನು ಯೋಚಿಸಲಿ: ಚಿತ್ರವು ನಾಟಕದ ಕಥೆಯನ್ನು ಒಯ್ದಿತು, ನಟರನ್ನು ಒಯ್ದಿತು, ಊರೂರ ಮಟ್ಟುಗಳನ್ನೆಲ್ಲ ಒಯ್ಯಲಿಲ್ಲ, ಒಯ್ಯುವದು ಅದರ ಕೆಲಸವೂ ಅಲ್ಲ.

ಮಾಡತಕ್ಕದ್ದು ದೊಡ್ಡ ಕೆಲಸವೇನೂ ಅಲ್ಲ. ಜಿಲ್ಲೆಯ ಸಾಹಿತ್ಯ ಸಂಘಗಳು ವರ್ಷಕ್ಕೊಂದು ಸಲ ಸನ್ಮಾನಕ್ಕೆ ವೆಚ್ಚಮಾಡುವ ಶಾಲು ಹಾರಗಳ ಹಣದಲ್ಲಿ ಅರ್ಧವನ್ನು ಇತ್ತ ತಿರುಗಿಸಲಿ. ವಿದ್ಯಾವಂತ ಮನೆತನಗಳವರು ತಮ್ಮ ಅಟ್ಟ, ಟ್ರಂಕುಗಳಲ್ಲಿರುವ ವಹಿಗಳನ್ನು ಹೊರತೆಗೆದು ಪ್ರತಿ ಮಾಡಿಸಲಿ. ಹಿರಿಯ ಮಾಸ್ತರರನ್ನು ಪೇಟಿಯ ಮುಂದೆ ಕೂಡ್ರಿಸಿ ಒಂದೊಂದು ಮಟ್ಟನ್ನೂ ಹಾಡಿಸಿ, ಸ್ವರಸಹಿತವಾಗಿ ಬರೆಸಲಿ. ಕೈಯಲ್ಲಿರುವ ಮೊಬೈಲಿನಲ್ಲಿ ಧ್ವನಿಮುದ್ರಣವನ್ನೂ ಮಾಡಲಿ. ಯಾವ ಸರಕಾರದ ಅಪ್ಪಣೆಯೂ ಇದಕ್ಕೆ ಬೇಕಾಗಿಲ್ಲ.

ಶಾಕುಂತಲದ ಆರನೆಯ ಅಂಕದಲ್ಲಿ ಒಂದು ಸಂಗತಿಯಿದೆ. ಉಂಗುರವನ್ನು ಕಂಡವನು ಪಂಡಿತನಲ್ಲ, ಮಂತ್ರಿಯಲ್ಲ. ಮೀನು ಹಿಡಿಯುವ ಬೆಸ್ತನು. ಅವನನ್ನು ಕಾವಲಿನವರು ಕಳ್ಳನೆಂದು ಕಟ್ಟಿ ಹೊಡೆದು ಎಳೆದುತರುವರು. ಅರಸನು ಉಂಗುರವನ್ನು ನೋಡಿದ ಬಳಿಕವೇ ಬೆಸ್ತನಿಗೆ ಬಿಡುಗಡೆ, ಬಹುಮಾನ. ಕೋಟುಮಚಗಿಯಂಥ ಊರುಗಳಲ್ಲಿ ಬೆಳತನಕ ಪೇಟಿ ನುಡಿಸುವ ಮಾಸ್ತರನೂ, ಹಗಲು ಹೊಲದಲ್ಲಿ ದುಡಿದು ರಾತ್ರಿ ದುಷ್ಯಂತನಾಗುವ ತರುಣನೂ ಇಂದಿನ ಬೆಸ್ತರು. ಅವರ ಕೈಯಲ್ಲಿರುವದು ಕನ್ನಡಿಗರದೇ ಮುದ್ರಿಕೆಯು. ವಿದ್ಯೆ ಬಂದೊಡನೆ ಮನೆಯವಳನ್ನು ಮರೆತ ಕಾಳಿದಾಸನ ಕಥೆಯನ್ನು ನೋಡಿ ಕಣ್ಣೊರಸಿಕೊಳ್ಳುವ ವಿದ್ಯಾವಂತರು, ಮುದ್ರಿಕೆಯನ್ನು ತಂದವನನ್ನು ಬಾಗಿಲಲ್ಲಿಯೇ ನಿಲ್ಲಿಸದೆ ಒಳಗೆ ಕರೆಯಲಿ.