ಗಾಯಗೊಂಡ ಕುದುರೆಯ ನೆಮ್ಮದಿ

ಕಾಲು ಮುರಿದುಕೊಂಡವನಿಗೆ ಆರು ವಾರ ಅಲುಗಾಡದೆ ಮಲಗಿರಬೇಕೆಂದು ವೈದ್ಯರು ಹೇಳಿದರೆ ಆತನು ಗೊಣಗಿಕೊಂಡಾದರೂ ಮಲಗಿರುತ್ತಾನೆ. ಏತಕ್ಕೆ ಮಲಗಿರಬೇಕೆಂಬುದು ಆತನಿಗೆ ಗೊತ್ತು. ಕುದುರೆಗೆ ಇದನ್ನು ತಿಳಿಯಹೇಳುವ ಬಗೆಯೇ ಇಲ್ಲ. ಕಾಲು ನೋಯುತ್ತಿದೆ, ಓಡಿಹೋಗಲು ದಾರಿಯಿಲ್ಲ. ಅದರ ಅರಿವಿಗೆ ಬರುವುದು ಇಷ್ಟೆ. ಬಯಲುಗಳಲ್ಲಿ ಬೆಳೆದು, ಅಪಾಯದ ಸುಳಿವು ಸಿಕ್ಕಿದೊಡನೆ ಓಟ ಕಿತ್ತು ಪ್ರಾಣ ಉಳಿಸಿಕೊಂಡು ಬಂದ ಜಾತಿಗೆ ಇದಕ್ಕಿಂತ ಭಯಂಕರವಾದ ಅವಸ್ಥೆ ಯಾವುದಿದ್ದೀತು? ಆದುದರಿಂದ ಗಾಯಗೊಂಡ ಕುದುರೆಯ ಎಲುಬಿಗೆ ಕೊಡುವಷ್ಟೇ ಗಮನವನ್ನು ಅದರ ನೆಮ್ಮದಿಗೂ ಕೊಡಬೇಕೆಂದು ನಾವು ಹೇಳುತ್ತೇವೆ. ದಯೆಯಿಂದ ಹುಟ್ಟಿದ ಮಾತಿದು ಎಂದು ಕೆಲವರು ತಿಳಿದಾರು. ದಯೆ ಇದ್ದರೆ ಒಳ್ಳೆಯದೇ. ಆದರೆ ನಮ್ಮ ವಾದಕ್ಕೆ ಆಧಾರವಾಗಿರುವುದು ಶರೀರಶಾಸ್ತ್ರ.

1975ನೆಯ ಇಸವಿ ಜುಲೈ 6ರಂದು ನ್ಯೂಯಾರ್ಕಿನ ಬೆಲ್ಮಾಂಟ್ ಪಾರ್ಕ್ ಪಂದ್ಯದ ಮೈದಾನದಲ್ಲಿ ರಫಿಯನ್ ಎಂಬ ಹೆಣ್ಣು ಕುದುರೆಯು ಫೂಲಿಷ್ ಪ್ಲೆಷರ್ ಎಂಬ ಗಂಡು ಕುದುರೆಯೊಡನೆ ಓಡಿತು. ಅದಕ್ಕೆ ಮುಂಚೆ ಓಡಿದ್ದ ಹತ್ತು ಪಂದ್ಯಗಳಲ್ಲಿ ಹತ್ತನ್ನೂ ಗೆದ್ದಿದ್ದ ಕುದುರೆ ಅದು. ಓಟದ ನಡುವೆ ಅದರ ಬಲ ಮುಂಗಾಲಿನಲ್ಲಿ, ಗೊರಸಿನ ಮೇಲಣ ಕೀಲಿನ ಹಿಂದಿರುವ ಎರಡು ಸಣ್ಣ ಎಲುಬುಗಳು ಒಡೆದುಹೋದವು. ಪಶುವೈದ್ಯರು ಅಂದು ರಾತ್ರಿಯೇ ಶಸ್ತ್ರಚಿಕಿತ್ಸೆ ಮಾಡಿ ಕಾಲಿಗೆ ಕಟ್ಟು ಹಾಕಿದರು. ಆದರೆ ಅರಿವಳಿಕೆಯ ಅಮಲು ಇಳಿಯುತ್ತ ಬಂದಂತೆ ಕುದುರೆ ಮಲಗಿದ್ದಲ್ಲಿಯೇ ಓಡತೊಡಗಿತು! ನಾಲ್ಕು ಕಾಲುಗಳನ್ನೂ ಝಾಡಿಸಿ ಹೊರಳಾಡಿದ ರಭಸಕ್ಕೆ ಕಟ್ಟು ಕೆಟ್ಟು, ಮುರಿದ ಕಾಲು ಇನ್ನಷ್ಟು ಹಾಳಾಯಿತು. ಇನ್ನೊಂದು ಶಸ್ತ್ರಚಿಕಿತ್ಸೆಯನ್ನು ಅದು ತಾಳಲಾರದೆಂದು ಬೆಳಗಾಗುವುದರೊಳಗೆ ಅದಕ್ಕೆ ನೋವಿಲ್ಲದ ಮರಣವನ್ನು ಕೊಡಬೇಕಾಯಿತು. ವೈದ್ಯರ ಕೈ ಸೋಲಲಿಲ್ಲ. ಕುದುರೆಯ ಭಯ ಅದನ್ನು ಮೀರಿತು.

ಕುದುರೆಯ ಕಾಲಿನ ರಚನೆಯನ್ನು ಇಲ್ಲಿ ಸ್ವಲ್ಪ ನೋಡಬೇಕು. ಒಂದೊಂದು ಕಾಲಿನಲ್ಲಿಯೂ ಒಂದೇ ಬೆರಳಿನ ತುದಿಯ ಮೇಲೆ ನಿಲ್ಲುವ ಪ್ರಾಣಿ ಅದು. ಗೊರಸೆಂದು ನಾವು ಕರೆಯುವುದು ಆ ನಡುಬೆರಳಿನ ಉಗುರನ್ನು. ಸುಮಾರು 500 ಕಿಲೋಗ್ರಾಂ ತೂಗುವ ಮೈಯ ಭಾರದಲ್ಲಿ ನೂರಕ್ಕೆ ಅರುವತ್ತು ಪಾಲು ಮುಂಗಾಲುಗಳ ಮೇಲೆ ಬೀಳುತ್ತದೆ. ಮೊಳಕಾಲಿನಿಂದ ಕೆಳಗೆ ಮಾಂಸಖಂಡವೇ ಇಲ್ಲವೆಂದು ಹೇಳಬಹುದು. ಎಲುಬು, ಸ್ನಾಯುರಜ್ಜು, ಮೇಲೊಂದು ಚರ್ಮದ ಹೊದಿಕೆ. ಓಟಕ್ಕೆ ಇಷ್ಟು ಹಗುರವಾದ ಕಾಲು ಬಲು ಅನುಕೂಲ. ಗಾಯ ಮಾಯುವುದಕ್ಕಾದರೋ ಅಷ್ಟೇ ಪ್ರತಿಕೂಲ.

ಗೊರಸಿನ ಒಳಗೆ ಒಂದು ಎಲುಬಿದೆ. ಪುಸ್ತಕದ ಹಾಳೆಗಳಂತೆ ಒಂದರೊಳಗೊಂದು ಹೆಣೆದುಕೊಂಡ ತೆಳುವಾದ ಪದರಗಳ ಮೂಲಕ ಅದು ಗೊರಸಿನ ಗೋಡೆಗೆ ತೂಗುಬಿದ್ದಿದೆ. ಕುದುರೆಯು ಕಾಲನ್ನು ಊರಿ ಎತ್ತುತ್ತಿದ್ದರೆ ಈ ಪದರಗಳಿಗೆ ರಕ್ತವು ಸರಾಗವಾಗಿ ಹರಿಯುತ್ತದೆ. ನೋಯುವ ಕಾಲನ್ನು ಉಳಿಸಲೆಂದು ಹಗಲಿರುಳೂ ಅದರ ಜೊತೆಯ ಕಾಲಿನ ಮೇಲೆಯೇ ಭಾರ ಹೇರಿ ನಿಂತರೆ, ಆಹಾರವಿಲ್ಲದೆ ಪದರಗಳು ಸಾಯತೊಡಗುತ್ತವೆ. ಎಲುಬು ಗೋಡೆಯಿಂದ ಬಿಟ್ಟುಕೊಂಡು ಕೆಳಕ್ಕೆ ಜಾರುತ್ತದೆ. ಲ್ಯಾಮಿನೈಟಿಸ್ ಎಂಬ ಈ ರೋಗವು ಮುರಿದ ಕಾಲಿಗಿಂತ ಹೆಚ್ಚಾಗಿ ಒಳ್ಳೆಯ ಕಾಲನ್ನು ಕೊಲ್ಲುತ್ತದೆ.

ಬಾರ್ಬಾರೊ ಎಂಬ ಕುದುರೆಯ ಕಥೆ ಇದಕ್ಕೆ ಸಾಕ್ಷಿ. 2006ನೆಯ ಇಸವಿ ಮೇ 20ರಂದು ಬಾಲ್ಟಿಮೋರಿನ ಪಂದ್ಯದಲ್ಲಿ ಅದರ ಬಲ ಹಿಂಗಾಲು ಮುರಿಯಿತು. ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ನ್ಯೂ ಬೋಲ್ಟನ್ ಸೆಂಟರಿನಲ್ಲಿ ಡೀನ್ ರಿಚರ್ಡ್‌ಸನ್ ಅವರು ಮರುದಿನವೇ ಲೋಹದ ಪಟ್ಟಿಯನ್ನೂ 27 ತಿರುಪುಗಳನ್ನೂ ಕೂಡಿಸಿ ಎಲುಬುಗಳನ್ನು ಜೋಡಿಸಿದರು. ರಫಿಯನ್ನಿಗೆ ಆದುದು ಇದಕ್ಕೆ ಆಗಲಿಲ್ಲ. ಅಮಲಿನಲ್ಲಿದ್ದ ಕುದುರೆಯನ್ನು ಅಲ್ಲಿ ಎತ್ತುಯಂತ್ರದಿಂದ ತೂಗಿ, ರಬ್ಬರಿನ ತೆಪ್ಪವೊಂದರಲ್ಲಿ ಕೂರಿಸಿ, ಬೆಚ್ಚಗಿನ ನೀರಿನ ಕೊಳದೊಳಕ್ಕೆ ಇಳಿಸುತ್ತಾರೆ. ಎಚ್ಚರವಾಗುವಾಗ ಕಾಲು ಝಾಡಿಸಿದರೂ ಬಡಿಯುವುದು ನೀರಿಗೆ ತಾನೆ! ಭಯವನ್ನು ಇಲ್ಲವೆನ್ನದೆ, ಅದಕ್ಕೆ ಮೆತ್ತನೆಯ ತಾಣವೊಂದನ್ನು ಕಲ್ಪಿಸಿಕೊಟ್ಟ ಈ ಯುಕ್ತಿಯನ್ನು ನಾವು ಬಹುವಾಗಿ ಮೆಚ್ಚುತ್ತೇವೆ. ಆದರೂ ಜುಲೈ ತಿಂಗಳಿನಲ್ಲಿ ಎಡ ಹಿಂಗಾಲಿಗೆ ಲ್ಯಾಮಿನೈಟಿಸ್ ತಗುಲಿತು. ತಿಂಗಳುಗಟ್ಟಲೆ ಹೋರಾಡಿದ ಮೇಲೆ ರೋಗವು ಮುಂಗಾಲುಗಳಿಗೂ ಹರಡಲು, 2007ರ ಜನವರಿ 29ರಂದು ಬಾರ್ಬಾರೊವಿಗೆ ಮರಣವನ್ನು ಕೊಟ್ಟರು. ನೋವನ್ನು ತಗ್ಗಿಸಲಾರದ ಹಂತದಲ್ಲಿ ಅದು ಸರಿಯಾದ ತೀರ್ಮಾನವೇ ಸರಿ.

ಗಾಯಗೊಂಡ ಕುದುರೆಯನ್ನು ಕತ್ತಲೆಯ ಲಾಯದಲ್ಲಿ ಒಂಟಿಯಾಗಿ ಬಿಗಿದು ಕಟ್ಟಿದರೆ ತಾನೇ ಸುಮ್ಮನಾಗುತ್ತದೆಂಬ ನಂಬಿಕೆಯೊಂದುಂಟು. ಇದನ್ನು ನಾವು ಒಪ್ಪುವುದಿಲ್ಲ. ಅಲುಗಾಡದೆ ನಿಂತಿರುವುದು ಬೇರೆ, ನೆಮ್ಮದಿಯಾಗಿರುವುದು ಬೇರೆ. ಕುದುರೆಯು ನಿಂತೇ ತೂಕಡಿಸಬಲ್ಲದೆಂಬುದು ನಿಜ; ಆದರೆ ಕನಸು ಕಾಣುವ ಬಗೆಯ ಗಾಢವಾದ ನಿದ್ರೆಗೆ ಅದು ಮಲಗಲೇಬೇಕು. ಸುತ್ತಲೂ ಅಪಾಯವಿದೆಯೆಂದು ತಿಳಿದ ಕುದುರೆ ಮಲಗುವುದಿಲ್ಲ. ಮಲಗದಿದ್ದರೆ ಕಾಲುಗಳಿಗೆ ಬಿಡುವಿಲ್ಲ. ಭಯಕ್ಕೂ ಗೊರಸಿನ ರೋಗಕ್ಕೂ ಇರುವ ನಂಟನ್ನು ವಾಚಕರು ಇಲ್ಲಿ ಕಾಣಬಹುದು.

ಮೇವಿನ ವಿಷಯವೂ ಹಾಗೆಯೆ. ಕುದುರೆಯ ಜಠರದಲ್ಲಿ ಆಮ್ಲವು ಬಿಡುವಿಲ್ಲದೆ ಒಸರುತ್ತಿರುತ್ತದೆ. ದಿನದ ಬಹುಭಾಗ ಮೇಯುತ್ತಲೇ ಇರುವ ಪ್ರಾಣಿಗೆ ಅದು ತಕ್ಕ ಏರ್ಪಾಡು. ಹೊತ್ತಿಗೆ ಎರಡು ಸಲ ಧಾನ್ಯ ಹಾಕಿ ಉಳಿದ ಹೊತ್ತು ಬರಿಯ ಗೋದಲೆಯ ಮುಂದೆ ನಿಲ್ಲಿಸಿದರೆ ಹೊಟ್ಟೆಯಲ್ಲಿ ಹುಣ್ಣು, ಮನಸ್ಸಿನಲ್ಲಿ ಕಳವಳ ಎರಡೂ ಹುಟ್ಟುತ್ತವೆ. ನಮ್ಮಲ್ಲಿ ಕುದುರೆಗೆ ಹುರುಳಿ ತಿನ್ನಿಸುವ ವಾಡಿಕೆ ಹಳೆಯದು. ದುಡಿಯುವ ಕುದುರೆಗೆ ಅದು ಸರಿಯೆ. ಲಾಯದಲ್ಲಿ ನಿಂತ ರೋಗಿಗೆ ಧಾನ್ಯವನ್ನು ತಗ್ಗಿಸಿ ಒಣಹುಲ್ಲನ್ನು ಹೆಚ್ಚಿಸಬೇಕು. ಈ ಮಾರ್ಪಾಟನ್ನು ಮೆಲ್ಲಮೆಲ್ಲನೆ ಮಾಡದಿದ್ದರೆ ಹೊಟ್ಟೆಶೂಲೆ ಬರುತ್ತದೆ. ಕುದುರೆಗೆ ವಾಂತಿಮಾಡುವ ಶಕ್ತಿಯಿಲ್ಲವಾದ್ದರಿಂದ ಶೂಲೆ ಅದಕ್ಕೆ ಪ್ರಾಣಾಂತಿಕವಾದುದು.

ಇನ್ನು ಸಂಗಡಿಗರ ಮಾತು. ಕುದುರೆ ಮಂದೆಯ ಪ್ರಾಣಿ. ಒಂಟಿಯಾದುದು ಬಾಗಿಲ ಬಳಿ ನಿಂತು ಗಂಟೆಗಟ್ಟಲೆ ಎಡಕ್ಕೂ ಬಲಕ್ಕೂ ತೂಗಾಡುವುದುಂಟು. ಲಾಯದಲ್ಲಿ ಕನ್ನಡಿಯೊಂದನ್ನು ತೂಗುಹಾಕಿದರೆ ಈ ತೂಗಾಟ ಕಡಿಮೆಯಾಗುವುದೆಂದು 2002ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ತನ್ನದೇ ನೆರಳಾದರೂ ಸರಿ, ಅದಕ್ಕೆ ಇನ್ನೊಂದು ಕುದುರೆ ಬೇಕು! ಕೊರಳು ಬೆನ್ನಿಗೆ ಸೇರುವೆಡೆಯಲ್ಲಿ ತುರಿಸಿದರೆ ಅದರ ಹೃದಯದ ಬಡಿತ ತಗ್ಗುವುದೆಂದು 1993ರಲ್ಲಿಯೇ ಕಂಡುಕೊಂಡಿದ್ದಾರೆ. ಕುದುರೆಗಳು ಒಂದನ್ನೊಂದು ಹಲ್ಲಿನಿಂದ ಕೆರೆಯುವುದೂ ಅಲ್ಲಿಯೇ. ಲಾಯದ ಆಳಿನ ಬೆರಳಿಗೆ ಇದಕ್ಕಿಂತ ಸುಲಭವಾದ ಔಷಧೋಪಚಾರ ಬೇರೆ ಬೇಕೆ?

ಹೀಗೆಂದು ಶಮನಕಾರಿ ಔಷಧಗಳನ್ನು ನಾವು ಹೀಗಳೆಯುವುದಿಲ್ಲ. ಪಶುವೈದ್ಯರು ಕೊಡುವ ಎಸಿಪ್ರೊಮಜೀನಿನಂತಹ ಮದ್ದು ಅನೇಕ ಸಲ ಅನಿವಾರ್ಯ. ಆದರೆ ಅದು ಕೆರಳುವ ಮುಂಚೆ ಕೊಟ್ಟಾಗ ಚೆನ್ನಾಗಿ ಕೆಲಸಮಾಡುತ್ತದೆ. ಕೆರಳಿದ ಕುದುರೆಯಲ್ಲಿ ಅದನ್ನು ನೆಚ್ಚುವಂತಿಲ್ಲ. ಮಂಕಾಗಿ ನಿಂತ ಕುದುರೆಯೂ ಬೆಚ್ಚಿದರೆ ಒದೆಯುತ್ತದೆ. ನೋವು ಕಳೆಯುವ ಔಷಧದಲ್ಲಿ ಇನ್ನೊಂದು ತೊಡಕು: ನೋವು ಮರೆತ ಕುದುರೆ ಮಾಯದ ಕಾಲಿನ ಮೇಲೆ ಕುಣಿದೀತು.

ಸೀಬಿಸ್ಕೆಟ್ ಎಂಬ ಹೆಸರಾಂತ ಕುದುರೆಯನ್ನು ಟಾಮ್ ಸ್ಮಿತ್ ಎಂಬ ಶಿಕ್ಷಕನು 1936ರಲ್ಲಿ ಕೈಗೆ ತೆಗೆದುಕೊಂಡಾಗ ಅದು ಲಾಯದಲ್ಲಿ ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಆತನು ಮೊದಲು ಒಂದು ಮೇಕೆಯನ್ನು ಜೊತೆಗೆ ಬಿಟ್ಟನು; ಕುದುರೆ ಅದನ್ನು ಹಲ್ಲಿನಿಂದ ಹಿಡಿದು ಆಚೆಗೆ ಹಾಕಿತು. ಬಳಿಕ ಎರಡು ಲಾಯಗಳ ನಡುವಣ ಗೋಡೆಯನ್ನು ಕೆಡವಿ ಪಂಪ್ಕಿನ್ ಎಂಬ ಸಾಧುವಾದ ಮುದಿ ಕುದುರೆಯನ್ನು ಸೇರಿಸಲು, ಆ ಸ್ನೇಹ ಕುದುರಿತು. 1939ರ ಫೆಬ್ರವರಿಯಲ್ಲಿ ಸೀಬಿಸ್ಕೆಟ್ಟಿನ ಎಡ ಮುಂಗಾಲಿನ ಅಸ್ಥಿರಜ್ಜು ಹರಿಯಿತು. ಕ್ಯಾಲಿಫೋರ್ನಿಯಾದ ಹಳ್ಳಿಗಾಡಿನ ತೋಟವೊಂದರಲ್ಲಿ, ತಾನೂ ಕಾಲು ಮುರಿದುಕೊಂಡಿದ್ದ ರೆಡ್ ಪೊಲಾರ್ಡ್ ಎಂಬ ಸವಾರನೊಡನೆ ಅದು ಮೆಲ್ಲನೆ ನಡೆಯುತ್ತ ಚೇತರಿಸಿಕೊಂಡಿತು. 1940ರ ಮಾರ್ಚ್ 2ರಂದು ಅದೇ ಸವಾರನನ್ನು ಹೊತ್ತು ಸಾಂಟಾ ಅನಿಟಾ ಪಂದ್ಯವನ್ನು ಗೆದ್ದಿತು. ಎಲ್ಲ ಗಾಯಗಳೂ ಹೀಗೆ ಮಾಯುವುದಿಲ್ಲವೆಂಬುದನ್ನು ಮರೆಯದೆ ಈ ಕಥೆಯನ್ನು ಓದಬೇಕು.

ಒಡೆಯರಿಗೆ ಆತುರ ಹೆಚ್ಚು. ಕುಂಟು ಕಾಣದಾದೊಡನೆ ಕುದುರೆ ಗುಣವಾಯಿತೆಂದು ಬಯಲಿಗೆ ಬಿಡುತ್ತಾರೆ. ಸ್ನಾಯುರಜ್ಜಿನ ಗಾಯ ಗಟ್ಟಿಯಾಗಲು ಒಂದು ವರ್ಷವೇ ಹಿಡಿಯಬಹುದು. ತಿಂಗಳುಗಟ್ಟಲೆ ಒಳಗಿದ್ದ ಕುದುರೆಯನ್ನು ಮೊದಲ ಸಲ ಹೊರಗೆ ಬಿಡುವ ದಿನವೇ ಎಲ್ಲಕ್ಕಿಂತ ಅಪಾಯದ ದಿನ. ಅಂದು ಆವರಣ ಚಿಕ್ಕದಾಗಿರಲಿ, ಗಾಳಿ ಜೋರಾಗಿ ಬೀಸದಿರಲಿ. ಸಾಧುವಾದ ಜೊತೆಗುದುರೆಯೊಂದು ಬೇಲಿಯ ಆಚೆ ಮೇಯುತ್ತಿರಲಿ. ಕೈಯಲ್ಲಿ ಹಗ್ಗ ಹಿಡಿದು ಸ್ವಲ್ಪ ಹೊತ್ತು ನಡೆಸಿ, ನೆಲದ ಮೇಲೆ ಹುಲ್ಲು ಹರಡಿ, ಕುದುರೆಯು ತಲೆ ತಗ್ಗಿಸಿ ಮೇಯಲು ತೊಡಗಿದ ಮೇಲೆಯೇ ಹಗ್ಗವನ್ನು ಬಿಚ್ಚತಕ್ಕದ್ದು.