ಎಲಿಮಿನೇಟರ್ ಕೊಳ್ಳುವ ಮುನ್ನ



ಗ್ರಂಥವಿಚಾರಗಳಿಗೆ ಮೀಸಲಾದ ಈ ಪುಟದಲ್ಲಿ ರೇಡಿಯೋದ ಎಲಿಮಿನೇಟರ್ ಕುರಿತು ಬರೆಯುತ್ತಿರುವುದನ್ನು ಕಂಡು ಕೆಲವರಿಗೆ ನಗು ಬಂದೀತು. ಬರಲಿ. ಮನೆಯ ಹಿರಿಯರ ನಿತ್ಯದ ನೆಮ್ಮದಿಗೆ ಸಂಬಂಧಿಸಿದ ಸಂಗತಿಯಾದುದರಿಂದ ಇದನ್ನು ಸಣ್ಣದೆಂದು ನಾನು ಬಗೆಯಲಾರೆ.

ನಮ್ಮ ಅಕ್ಕನವರಿಗೆ ಈಗ 78 ವರ್ಷ. ದೃಷ್ಟಿ ಮಂದವಾಗಿ ಓದು ನಿಂತ ಮೇಲೆ ಬೆಳಗಿನ ರೇಡಿಯೋ ಒಂದೇ ಅವರ ಸಂಗಾತಿಯಾಗಿ ಉಳಿದಿದೆ. ನಾಲ್ಕು ಸೆಲ್ಲುಗಳ ಹಳೆಯ ಟ್ರಾನ್ಸಿಸ್ಟರ್. ಅದಕ್ಕೊಂದು ಇಟ್ಟಿಗೆಯಂತೆ ತೂಗುವ ಎಲಿಮಿನೇಟರ್. ಕಳೆದ ವರ್ಷ ಅದು ಗುಂಯ್ ಎಂದು ಮೊರೆಯತೊಡಗಿತು. ನಾನು ಪೇಟೆಗೆ ಹೋಗಿ, ಅಂಗೈಯಲ್ಲಿ ಅಡಗುವಂಥ ಹಗುರವಾದ ಅಡಾಪ್ಟರೊಂದನ್ನು ತಂದು ಜೋಡಿಸಿದೆ. ಬೆಲೆಯೂ ಕಡಿಮೆ, ಬಿಸಿಯೂ ಆಗದು ಎಂದು ಒಳಗೊಳಗೇ ಹಿಗ್ಗಿದ್ದೂ ನಿಜ.

ಎರಡು ವಾರಗಳ ಬಳಿಕ, ಬೆಳಗಿನ ಹೊತ್ತು ಮನೆ ನಿಶ್ಶಬ್ದವಾಗಿರುವುದು ನನ್ನ ಗಮನಕ್ಕೆ ಬಂದಿತು. ಕೇಳಿದರೆ ಅಕ್ಕನವರು, "ರೇಡಿಯೋದಾಗ ಜೇನುಹುಳ ಹೊಕ್ಕಾವ ತಮ್ಮಾ. ನೀ ರೊಕ್ಕಾ ಕೊಟ್ಟು ತಂದೀ ಅಂತ ಸುಮ್ಮನಿದ್ದೆ" ಎಂದರು. ಹದಿನೈದು ದಿನ ಅವರು ಏನನ್ನೂ ಕೇಳಿರಲಿಲ್ಲ. ಒಂದೇ ಸೂರಿನಡಿ ಇದ್ದ ನನಗೆ ಅದು ತಿಳಿದಿರಲೂ ಇಲ್ಲ.

ಮೊದಲು ನಾನು ದೂರಿದ್ದು ಆಕಾಶವಾಣಿಯನ್ನು, ಆಮೇಲೆ ರೇಡಿಯೋವನ್ನು. ಓಣಿಯ ರಿಪೇರಿಯ ಹುಡುಗ ಮಾತ್ರ ಏನನ್ನೂ ಹೇಳದೆ ಅಡಾಪ್ಟರಿನ ವೈರನ್ನು ಕಿತ್ತು, ನಾಲ್ಕು ಹೊಸ ಸೆಲ್ಲುಗಳನ್ನು ಹಾಕಿದ. ಧ್ವನಿ ತಿಳಿನೀರಿನಂತೆ ಬಂದಿತು. ವೈರನ್ನು ಮತ್ತೆ ಸಿಕ್ಕಿಸಿದ, ಜೇನುಹುಳಗಳು ಮರಳಿದವು. ಇದಕ್ಕಿಂತ ಸುಲಭವಾದ ಪರೀಕ್ಷೆ ಬೇರೊಂದಿಲ್ಲ. ಸೆಲ್ಲು ಹಾಕಿದಾಗಲೂ ಗದ್ದಲ ಉಳಿದರೆ ಅಪರಾಧಿ ಬೇರೆಡೆ ಇದ್ದಾನೆ: ಎಲ್‌ಇಡಿ ಬಲ್ಬು, ಟಿ.ವಿ., ಪಕ್ಕದಲ್ಲೇ ಇಟ್ಟ ಮೊಬೈಲ್ ಚಾರ್ಜರ್. ಒಂದೊಂದಾಗಿ ಆರಿಸಿ ನೋಡಬೇಕು.

ಕಾರಣವಿಷ್ಟು. ಗೋಡೆಯ ಸಾಕೆಟ್ಟಿನಲ್ಲಿರುವುದು 230 ವೋಲ್ಟಿನ ಎ.ಸಿ.; ರೇಡಿಯೋ ಬೇಡುವುದು ಕೆಲವೇ ವೋಲ್ಟಿನ ಡಿ.ಸಿ. ಹಳೆಯ ಎಲಿಮಿನೇಟರಿನಲ್ಲಿ ಕಬ್ಬಿಣದ ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆ, ಡಯೋಡುಗಳು ಅದನ್ನು ಒಂದೇ ದಿಕ್ಕಿಗೆ ಹರಿಸುತ್ತವೆ, ಕೆಪಾಸಿಟರ್ ಏರಿಳಿತವನ್ನು ಸಮಗೊಳಿಸುತ್ತದೆ. ತೂಕವೆಲ್ಲ ಆ ಕಬ್ಬಿಣದ್ದು. ಹೊಸ ಬಗೆಯದು ವಿದ್ಯುತ್ತನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಿ ಕತ್ತರಿಸಿ ಕೊಡುತ್ತದೆ. ಆದ್ದರಿಂದಲೇ ಅದಕ್ಕೆ ಪುಟ್ಟ ಟ್ರಾನ್ಸ್‌ಫಾರ್ಮರ್ ಸಾಕು. ಆದರೆ ಈ ಕತ್ತರಿಸುವಿಕೆಯಿಂದ ಏಳುವ ಪ್ರತಿಧ್ವನಿಗಳು 531ರಿಂದ 1602 ಕಿಲೋಹರ್ಟ್ಸ್‌ವರೆಗಿನ ಮೀಡಿಯಂ ವೇವ್ ಪಟ್ಟಿಯ ಮೇಲೆಯೇ ಬಂದು ಬೀಳುತ್ತವೆ. ಒಳ್ಳೆಯ ತಯಾರಕರು ಅದನ್ನು ತಡೆಯುವ ಫಿಲ್ಟರುಗಳನ್ನು ಒಳಗಿಡುತ್ತಾರೆ. ಅಗ್ಗದವುಗಳಲ್ಲಿ ಬಹುಪಾಲು ಇರುವುದಿಲ್ಲ.

ಹಳೆಯದೆಲ್ಲ ಚಿನ್ನವೆಂದು ಇದರರ್ಥವಲ್ಲ. ಕೆಪಾಸಿಟರ್ ಒಣಗಿದರೆ ಅದೂ ಮೊರೆಯುತ್ತದೆ. ನಮ್ಮ ಮನೆಯಲ್ಲಿ ಆದದ್ದು ಅದೇ. ಇನ್ನೊಂದು ದೋಷವೆಂದರೆ, 6 ವೋಲ್ಟ್ ಎಂದು ಬರೆದ ಸಾಧಾರಣ ಎಲಿಮಿನೇಟರ್, ರೇಡಿಯೋ ಎಳೆಯುವ ಕರೆಂಟು ಕಡಿಮೆಯಿದ್ದಾಗ 8 ಅಥವಾ 9 ವೋಲ್ಟನ್ನೇ ಕೊಟ್ಟೀತು. ಆದುದರಿಂದ 'ರೆಗ್ಯುಲೇಟೆಡ್' ಎಂಬುದನ್ನೇ ಕೇಳಿ ಪಡೆಯಬೇಕು.

ವೋಲ್ಟು ಮತ್ತು ಆಂಪಿಯರುಗಳ ಗೊಂದಲ ಅನೇಕರಿಗೆ ಇದೆ. ಸೆಲ್ಲೊಂದಕ್ಕೆ ಒಂದೂವರೆ ವೋಲ್ಟ್. ನಾಲ್ಕಾದರೆ 6, ಮೂರಾದರೆ 4.5, ಎರಡಾದರೆ 3. ಈ ಅಂಕಿ ತಪ್ಪಕೂಡದು. ಆಂಪಿಯರ್ ಮಾತ್ರ ಬೇಕಾದುದಕ್ಕಿಂತ ಹೆಚ್ಚಿದ್ದರೂ ಬಾಧಕವಿಲ್ಲ. ಬಾವಿಯಲ್ಲಿ ನೀರು ಎಷ್ಟಿದ್ದರೂ ಕೊಡ ಹಿಡಿಯುವುದು ಕೊಡದಷ್ಟೇ ಅಲ್ಲವೇ? ಸಣ್ಣ ಟ್ರಾನ್ಸಿಸ್ಟರಿಗೆ 500 ಮಿಲಿ ಆಂಪಿಯರ್ ಧಾರಾಳವಾಯಿತು.

ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂಬುದನ್ನು ರೇಡಿಯೋದ ಹಿಂಬದಿಯ ಚಿಕ್ಕ ಚಿತ್ರದಲ್ಲಿ ನೋಡಿಯೇ ಜೋಡಿಸಬೇಕು. ಎಲ್ಲ ಕಂಪನಿಗಳೂ ಒಂದೇ ಪದ್ಧತಿಯನ್ನು ಅನುಸರಿಸಿಲ್ಲ. ವಿದ್ಯಾರ್ಥಿದೆಸೆಯಲ್ಲಿ ಮಠದ ಪ್ರಸಾದನಿಲಯದ ಟ್ರಾನ್ಸಿಸ್ಟರನ್ನು ಹೀಗೆ ತಿರುವುಮುರುವಾಗಿ ಜೋಡಿಸಿ ಶಾಶ್ವತವಾಗಿ ಮೌನಗೊಳಿಸಿದವನು ನಾನೇ. ಈವರೆಗೆ ಯಾರಲ್ಲಿಯೂ ಹೇಳಿರಲಿಲ್ಲ.

ಸದಾ ಕರೆಂಟಿನ ಮೇಲೆಯೇ ನಡೆಸುವುದಾದರೆ ಸೆಲ್ಲುಗಳನ್ನು ಹೊರಗೆ ತೆಗೆದಿಡಿರಿ. ಒಳಗೇ ಮರೆತರೆ ಸೋರಿ ಸ್ಪ್ರಿಂಗುಗಳನ್ನು ತಿಂದುಹಾಕುತ್ತವೆ. ಟ್ರಾನ್ಸ್‌ಫಾರ್ಮರೇ ಇಲ್ಲದ, ಬರಿಯ ಕೆಪಾಸಿಟರಿನಿಂದ ವೋಲ್ಟೇಜು ಇಳಿಸುವ ಅತಿ ಅಗ್ಗದ ಸರಕೂ ಉಂಟು. ಅದರಲ್ಲಿ ರೇಡಿಯೋಗೂ ಗೋಡೆಯ ಕರೆಂಟಿಗೂ ನೇರ ಸಂಪರ್ಕವಿರುತ್ತದೆ, ಮುಟ್ಟಿದವರಿಗೆ ಪ್ರಾಣಾಪಾಯ. ಬಿಐಎಸ್ ನೋಂದಣಿಯ ಗುರುತು ಇಲ್ಲದ್ದನ್ನು ಕೊಳ್ಳಬೇಡಿರಿ. ಸಾಧ್ಯವಾದರೆ ನಿಮ್ಮ ರೇಡಿಯೋವನ್ನೇ ಅಂಗಡಿಗೆ ಒಯ್ದು, ಮನೆಯವರು ಕೇಳುವ ನಿಲಯಕ್ಕೆ ತಿರುಗಿಸಿ, ಕಿವಿಯಾರೆ ಕೇಳಿಯೇ ಹಣ ಕೊಡಿರಿ. ಅಂಗಡಿಯವನು ಗೊಣಗಿಯಾನು, ಗೊಣಗಲಿ.

ಪುಣ್ಯವಶಾತ್ ನಾನು ಹಳೆಯ ಎಲಿಮಿನೇಟರನ್ನು ಗುಜರಿಗೆ ಹಾಕಿರಲಿಲ್ಲ. ಹುಡುಗ ಅದರ ಉಬ್ಬಿದ ಕೆಪಾಸಿಟರನ್ನು ಕಿತ್ತು 1000 ಮೈಕ್ರೋಫ್ಯಾರಡಿನ ಹೊಸದೊಂದನ್ನು ಬೆಸೆದುಕೊಟ್ಟ. ಈಗ ಅಕ್ಕನವರ ತಲೆದಿಂಬಿನ ಬಳಿ ಅದೇ ಇಟ್ಟಿಗೆ ಇದೆ. ಹಗುರವಾದ ಅಡಾಪ್ಟರ್ ಮೊಮ್ಮಗನ ಎಫ್.ಎಂ. ರೇಡಿಯೋಗೆ ಹೋಯಿತು; ಎಫ್.ಎಂ.ನಲ್ಲಿ ಅದರ ಗದ್ದಲ ಕೇಳಿಸುತ್ತಿಲ್ಲ.